ಧೂಳೊನನ್ನು ಕೇಳಿದವರು ಯಾರು?

ಗುಜರಾತಿಗೆ ಬಂದು ನೆಲೆಸಿದ ನಮ್ಮಲ್ಲಿ ಬಹಳ ಮಂದಿಗೆ ‘ಜನುಮದ ಜೋಡಿ’ಯ ಹಾಡುಗಳು ಬಾಯಿಪಾಠ. 1996ರಲ್ಲಿ ನಾನು ಪಿಯುಸಿ. ಬಸ್ಸು, ಹೋಟೆಲು, ಗಣಪತಿ ಪೆಂಡಾಲು, ಎಲ್ಲಿ ಹೋದರೂ ವಿ. ಮನೋಹರ್ ಸಂಗೀತವೇ. ಟಿ.ಎಸ್. ನಾಗಾಭರಣರ ಆ ಚಿತ್ರಕ್ಕೆ ಮೂಲ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ ‘ಮಳೇಲಾ ಜೀವ್’ (1941). ಮಾಸ್ತಿಯವರಿಗೆ ಸಂದ ಎರಡು ವರ್ಷಕ್ಕೆ, 1985ರ ಜ್ಞಾನಪೀಠ ಪಡೆದವರು ಪಟೇಲರು. ಅಹಮದಾಬಾದಿನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ಮೊದಲು ನಂಬುವುದಿಲ್ಲ.

ಕಾದಂಬರಿಯ ಕಾನಜಿ ಪಟೇಲರ ಹುಡುಗ, ಜೀವಿ ಕ್ಷೌರಿಕರ ಹುಡುಗಿ. ಜನ್ಮಾಷ್ಟಮಿ ಜಾತ್ರೆಯ ತಿರುಗುತೊಟ್ಟಿಲಲ್ಲಿ ಭೇಟಿ. ಜಾತಿ ಅಡ್ಡ ಬರುತ್ತದೆ. ಕಾನಜಿ ಹೂಡುವ ಉಪಾಯ ವಿಚಿತ್ರ: ತನ್ನೂರಿನ ಕುರೂಪಿ ಕ್ಷೌರಿಕ ಧೂಳೊನಿಗೆ ಅವಳನ್ನು ಮದುವೆ ಮಾಡಿಸುವುದು, ಸಿಗದಿದ್ದರೇನು, ಕಣ್ಣೆದುರಿಗಾದರೂ ಇರುತ್ತಾಳಲ್ಲ! ನಮ್ಮ ಪ್ರಾಜೆಕ್ಟುಗಳ ಭಾಷೆಯಲ್ಲಿ ಇದು ‘ವರ್ಕ್‌ಅರೌಂಡ್’. ಬಿಲ್ಲು ಮಾತ್ರ ಮೂರನೆಯವನ ಹೆಸರಿಗೆ.

ಧೂಳೊ ಸಂಶಯಪಡುತ್ತಾನೆ, ಹೊಡೆಯುತ್ತಾನೆ. ಹೊಡೆತಕ್ಕೆ ಸಮರ್ಥನೆ ಇಲ್ಲ. ಆದರೆ ಸಂಶಯ ಸುಳ್ಳೇ? ಜೀವಿ ದೇಹದಿಂದ ದಾರಿ ತಪ್ಪಿದವಳಲ್ಲ. ಆ ಮದುವೆಗೆ ದ್ರೋಹವಾದದ್ದು ಮದುವೆಯ ದಿನವೇ, ಮಾಡಿದವನು ಕಾನಜಿ. ಸಂಸಾರ ಬಿಗಡಾಯಿಸಿದಾಗ ಅವನು ಊರು ಬಿಟ್ಟು ಶಹರಕ್ಕೆ ದುಡಿಯಲು ಹೋಗುತ್ತಾನೆ. (ಊರಿನ ಜಗಳಗಳು ದೂರದಿಂದ ಎಷ್ಟು ಸಣ್ಣವಾಗಿ ಕಾಣುತ್ತವೆಂದು ನಮಗೆ ಗೊತ್ತು.) ಜೀವಿ ತಾನು ಸಾಯಲೆಂದು ವಿಷ ಬೆರೆಸಿ ಮಾಡಿದ ರೊಟ್ಟಿಯನ್ನು ಗಂಡ ತಿಂದು ಸಾಯುತ್ತಾನೆ. ಊರು ಅವಳನ್ನು ಕೊಲೆಗಾತಿ ಎನ್ನುತ್ತದೆ, ಅವಳಿಗೆ ಬುದ್ಧಿ ಕೆಡುತ್ತದೆ. ಪಟೇಲರು ಇದನ್ನು ದನಿ ಏರಿಸದೆ ಬರೆದಿದ್ದಾರೆ. ಓದುವಾಗ ಕಾನಜಿಯ ಮೇಲೆ ನನಗೆ ಸಿಟ್ಟು ಬಂತು.

ಚಿತ್ರ ನೋಡುವಾಗ ಆ ಸಿಟ್ಟು ಬರಲಿಲ್ಲ. ಕಾರಣ ಶಿವರಾಜ್‌ಕುಮಾರ್. ಅಭಿನಯದ ಕೊರತೆ ಅಂತಲ್ಲ. ನಾಯಕನಟನ ಮುಖ ತೆರೆಯ ಮೇಲೆ ಬಂದ ಕೂಡಲೇ ನಾವು ಅವನ ಪಕ್ಷ ಸೇರಿಬಿಟ್ಟಿರುತ್ತೇವೆ. ಮೇಲೆ ಆ ಹಾಡುಗಳು! ಹಾಡುವ ಇಬ್ಬರ ನಡುವೆ ಮೂರನೆಯವನಿಗೆ ಜಾಗವೆಲ್ಲಿ?

ಶೀರ್ಷಿಕೆಯಲ್ಲೇ ವ್ಯತ್ಯಾಸವಿದೆ. ‘ಮಳೇಲಾ’ ಎಂದರೆ ಕೂಡಿದ, ಸಂಧಿಸಿದ. ಜಾತ್ರೆಯಲ್ಲಿ ಆಕಸ್ಮಿಕವಾಗಿಯೂ ಸಂಧಿಸಬಹುದು. ‘ಜನುಮದ ಜೋಡಿ’ ಎಂದಾಗ ಬ್ರಹ್ಮನೇ ಗಂಟು ಹಾಕಿದಂತಾಯಿತು; ಗಂಡನಾದವನು ಕಥೆಗೇ ಅಡ್ಡಿಯಾದ. ಜಾತ್ರೆ, ಹಳ್ಳಿ, ಜಾನಪದ ಧಾಟಿಯನ್ನು ಕನ್ನಡದ ಮಣ್ಣಿಗೆ ಇಷ್ಟು ಸಹಜವಾಗಿ ತಂದ ನಾಗಾಭರಣರು ಹೆಸರಿನಲ್ಲೇ ತೀರ್ಪು ಕೊಟ್ಟುಬಿಟ್ಟರು ಅನ್ನಿಸುತ್ತದೆ.

ಹಾಗೆಂದು ಪಟೇಲರನ್ನೂ ಪೂರ್ತಿ ಬಿಡಲಾರೆ. ಕೊನೆಗೆ ಕಾನಜಿ ಬಂದು ಹುಚ್ಚು ಹಿಡಿದ ಜೀವಿಯನ್ನು ಕರೆದೊಯ್ಯುತ್ತಾನೆ, ನಮ್ಮ ಕಣ್ಣು ಒದ್ದೆಯಾಗುತ್ತದೆ. ಗುಜರಾತಿಯಲ್ಲೂ ‘ಧೂಳ್’ ಎಂದರೆ ನಮ್ಮ ಧೂಳೇ. ಆ ಹೆಸರು ಹೊತ್ತವನನ್ನು ಆ ಹೊತ್ತಿಗೆ ಲೇಖಕರೂ ಮರೆತಿರುತ್ತಾರೆ.