ಕೊಂಡಿ ಕೂಡುವ ಕೈ

ಕೈಯಲ್ಲಿ ಹೆಣೆದ ಲೋಹದ ಬ್ರೇಸ್ಲೆಟ್ ಸಿಕ್ಕರೆ ಎಲ್ಲರೂ ಹೊಳಪು ನೋಡುತ್ತಾರೆ. ನಾನು ಮೊದಲು ಬೆರಳಾಡಿಸುತ್ತೇನೆ. ಎಲ್ಲೂ ತರಚದಿದ್ದರೆ ಅಷ್ಟೂ ಕೊಂಡಿಗಳನ್ನು ಒಂದೊಂದಾಗಿ ಮುಚ್ಚಿದ ಕೈಗೆ ಮನಸ್ಸಿನಲ್ಲೇ ಶರಣು.

ಕೊಂಡಿ ತೆರೆಯುವುದರಲ್ಲೇ ಕಸುಬು ಗೊತ್ತಾಗುತ್ತದೆ. ತುದಿಗಳನ್ನು ಅಗಲಕ್ಕೆ ಎಳೆದರೆ ದುಂಡು ಕೆಟ್ಟಂತೆಯೇ. ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಬೇಕು. ಮುಚ್ಚುವಾಗ ತುಸು ಆಚೆ ದಾಟಿಸಿಯೇ ಮರಳಿ ತರಬೇಕು. ಲೋಹಕ್ಕೆ ಹಿಂದೆ ಚಿಮ್ಮುವ ಚಾಳಿ ಇದೆಯಲ್ಲ! ತುದಿಗೆ ತುದಿ ಉಜ್ಜಿ ಸಣ್ಣಗೆ ಸದ್ದಾದರೆ ಸರಿಯಾಗಿ ಕೂತಿತೆಂದೇ ಲೆಕ್ಕ. ಗರಗಸದಲ್ಲಿ ಕೊಯ್ದ ಕೊಂಡಿಯಾದರೆ ಬೆಸುಗೆಯೇ ಇಲ್ಲದೆ ಬಿರುಕು ಕಾಣದಷ್ಟು ಕೂಡುತ್ತದೆ.

ನನಗೆ ಅಚ್ಚುಮೆಚ್ಚು ಬೈಜಾಂಟೈನ್ ಹೆಣಿಗೆ. ಒಂದು ಜೋಡಿ ಕೊಂಡಿಗೆ ಇನ್ನೊಂದು ಜೋಡಿ, ಅದಕ್ಕೆ ಮತ್ತೊಂದು. ಕೊನೆಯ ಜೋಡಿಯನ್ನು ಇಬ್ಬದಿಗೂ ಹಿಂದಕ್ಕೆ ಮಡಚಿ, ನಡುವಿನ ಜೋಡಿಯನ್ನು ಬಿಡಿಸಿದಾಗ ಸಂದಿಯೊಂದು ಬಾಯಿಬಿಡುತ್ತದೆ. ಮುಂದಿನ ಜೋಡಿ ಹೋಗುವುದು ಅಲ್ಲಿಗೇ. ಕೊಂಡಿಯ ಒಳವ್ಯಾಸ ತಂತಿಯ ದಪ್ಪದ ಸುಮಾರು 3.5 ಪಟ್ಟು ಇರಬೇಕು. ಅದಕ್ಕಿಂತ ಕಡಿಮೆಯಾದರೆ ಸರಪಳಿ ಸೆಟೆದುಕೊಳ್ಳುತ್ತದೆ, ಹೆಚ್ಚಾದರೆ ಜೋಲುತ್ತದೆ. ಸರಿಯಾಗಿದ್ದರೆ ಮಣಿಕಟ್ಟಿನ ಮೇಲೆ ನೀರಿನಂತೆ ಜಾರುತ್ತದೆ.

ನಡುನಡುವೆ ಗಾಜಿನ ಮಣಿ ಕೂರಿಸುವವರ ಜಾಣ್ಮೆ ಬೇರೆ. ತಂತಿಯ ಕುಣಿಕೆ ಮಣಿಯ ತೂತಿಗೆ ನೇರವಾಗಿ ನಿಲ್ಲಬೇಕು. ಕೂದಲೆಳೆಯಷ್ಟು ವಾಲಿದರೂ ಮಣಿ ಓರೆಯಾಗಿ ತೂಗುತ್ತದೆ.

ಇಂಥದ್ದನ್ನು ಕೊಳ್ಳುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ.