ಭಕ್ತಿಚಿತ್ರಗಳೂ ರಕ್ತಪಾತವೂ

2025ರ ಜೂನ್-ಜುಲೈ ತಿಂಗಳುಗಳಲ್ಲಿ ಒಂದರ ಹಿಂದೊಂದು ಎರಡು ಪೌರಾಣಿಕ ಚಿತ್ರಗಳು ಬಂದವು. ಮೊದಲನೆಯದು ತೆಲುಗಿನ ‘ಕಣ್ಣಪ್ಪ’. ಎರಡನೆಯದು ಅಶ್ವಿನ್ ಕುಮಾರ್ ನಿರ್ದೇಶಿಸಿದ, ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ್ ನರಸಿಂಹ’ ಎಂಬ ಆನಿಮೇಷನ್ ಚಿತ್ರ. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಬಳಕೆಯ ಮಾತುಗಳಾದ್ದರಿಂದ ಎರಡಕ್ಕೂ ಜನ ಹೋದರು. ನರಸಿಂಹನ ಚಿತ್ರಕ್ಕೆ ನಾನು ತಮ್ಮನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕೊನೆಯ ಕಾಳಗ ಬೆಳೆದಂತೆಲ್ಲ ಹುಡುಗಿ ಮುಖವನ್ನು ನನ್ನ ತೋಳಿಗೆ ಒತ್ತಿಕೊಂಡಳು. ಹಿಂದಿನ ಸಾಲಿನಲ್ಲಿ ಶಿಳ್ಳೆ, ಚಪ್ಪಾಳೆ. ಹೊರಗೆ ಬಂದ ಮೇಲೆ ಅವಳು ಕೇಳಿದ್ದು ರಕ್ತದ ವಿಚಾರವನ್ನಲ್ಲ. “ದೊಡ್ಡಪ್ಪ, ಆತ ಪ್ರಹ್ಲಾದನ ಅಪ್ಪ ಅಲ್ವಾ?”

ಭಕ್ತಿಚಿತ್ರದಲ್ಲಿ ರಕ್ತವೇ ಕಾಣಬಾರದೆನ್ನುವ ಹಿರಿಯರಿದ್ದಾರೆ. ಅವರೊಡನೆ ನಾನು ಪೂರ್ತಿ ಒಪ್ಪಲಾರೆ. ವಧೆಯನ್ನು ರಂಗದ ಮೇಲೆ ತೋರಿಸಕೂಡದೆಂದು ಧನಂಜಯನ ‘ದಶರೂಪಕ’ ವಿಧಿಸಿದ್ದು ನಿಜ. ಆದರೆ ಹಳೇಬೀಡಿನ ಶಿಲ್ಪಿ ಹಿರಣ್ಯಕಶಿಪುವಿನ ಕರುಳನ್ನು ಕಲ್ಲಿನಲ್ಲಿ ಬಿಡಿಸುವಾಗ ಅಳುಕಲಿಲ್ಲ. ಕಥೆಯೂ ಅದನ್ನು ಬೇಡುತ್ತದೆ. ಆಯುಧದಿಂದಲ್ಲ, ಒಳಗಲ್ಲ, ಹೊರಗಲ್ಲ ಎಂಬ ವರವಿದ್ದ ಮೇಲೆ ಹೊಸ್ತಿಲೂ ತೊಡೆಯೂ ಉಗುರೂ ಬಂದೇ ಬರಬೇಕು. ಉಗುರನ್ನು ಮರೆಮಾಚಿದರೆ ಕಥೆಯ ತರ್ಕವೇ ಮುರಿಯುತ್ತದೆ.

ಹಾಗಾದರೆ ಕಸಿವಿಸಿ ಯಾವುದಕ್ಕೆ? ಚಿಕ್ಕಂದಿನಲ್ಲಿ ಸ್ಕಂದಗಿರಿಯ ತಪ್ಪಲಿನ ಹಳ್ಳಿಯೊಂದರಲ್ಲಿ ನೋಡಿದ ಪ್ರಹ್ಲಾದನ ಆಟ ನೆನಪಾಗುತ್ತದೆ. ನರಸಿಂಹನ ವೇಷದವನಿಗೆ ಆವೇಶ ಬಂದೀತೆಂದು ಇಬ್ಬರು ಅವನ ಸೊಂಟ ಹಿಡಿದು ನಿಂತಿದ್ದರು. ಕರುಳೆಂದು ಎಳೆದದ್ದು ಕೆಂಪು ಸೀರೆಯ ತುಂಡು. ಅದು ಸೀರೆಯೆಂದು ನಮಗೆಲ್ಲ ಗೊತ್ತು. ಆದರೂ ಹೆಂಗಸರು ಕೈ ಮುಗಿದರು, ನಾನು ನಡುಗಿದೆ. ಬಟ್ಟೆಯ ತುಂಡು ನಮ್ಮ ಮನಸ್ಸಿಗೆ ಕೆಲಸ ಕೊಟ್ಟಿತ್ತು. ಈಗಿನ ಗಣಕಯಂತ್ರ ಹನಿಹನಿಯನ್ನೂ ಬರೆದು ತೋರಿಸಿ, ಆ ಕೆಲಸವನ್ನು ತಾನೇ ಮುಗಿಸಿಬಿಡುತ್ತದೆ. ಕಾಳಗ ನಡೆಯುವಷ್ಟು ಹೊತ್ತು ಪ್ರಹ್ಲಾದನೆಂಬ ಹುಡುಗನಿದ್ದಾನೆಂಬುದೇ ನನಗೆ ಮರೆತುಹೋಗಿತ್ತು. ನನ್ನ ಪಕ್ಕದ ಹುಡುಗಿ ಮಾತ್ರ ಮರೆತಿರಲಿಲ್ಲ.

ಕಣ್ಣಪ್ಪನ ಕಥೆ ಇದಕ್ಕಿಂತ ಕಠಿಣವಾದ ಪರೀಕ್ಷೆ. ಇಲ್ಲಿ ಕೊಲ್ಲಬೇಕಾದ ರಾಕ್ಷಸನಿಲ್ಲ. ಗಾಯ ಮಾಡಿಕೊಳ್ಳುವವನೇ ಭಕ್ತ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ವನ್ನು ತೆಗೆದಾಗ ಚಿತ್ರ ಕಪ್ಪು-ಬಿಳುಪಿನದು. ತೆರೆಯ ಮೇಲೆ ರಕ್ತಕ್ಕೆ ಕೆಂಪೇ ಇರಲಿಲ್ಲ. ನಾಯಕನಾಗಿ ಮೊದಲ ಸಲ ಬಂದ ರಾಜಕುಮಾರರ ಮುಖವೇ ಎಲ್ಲವನ್ನೂ ಹೊರಬೇಕಾಯಿತು. ನನ್ನ ನೆನಪಿನಲ್ಲಿ ಉಳಿದಿರುವುದೂ ಆ ಮುಖವೇ. ದೇವರ ಕಣ್ಣಿಗೆ ನೋವಾಗಿದೆಯೆಂಬ ಗಾಬರಿ ಅದರಲ್ಲಿತ್ತು. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ದ ಹೊತ್ತಿಗೆ ಬಣ್ಣ ಬಂದಿತ್ತು, ಶಿವರಾಜಕುಮಾರರು ಬಂದಿದ್ದರು.

ಆದರೆ ಈ ಕಥೆಯಲ್ಲಿ ನಿಜವಾಗಿ ಎದೆ ಝಲ್ಲೆನ್ನಿಸುವುದು ಕಣ್ಣು ಕೀಳುವುದೆಂದು ನನಗೆ ತೋರುವುದಿಲ್ಲ. ಎರಡನೆಯ ಕಣ್ಣನ್ನೂ ಕಿತ್ತರೆ ಲಿಂಗ ಕಾಣಿಸದು. ಆದ್ದರಿಂದ ಬೇಡ ಗುರುತಿಗೆಂದು ತನ್ನ ಕಾಲನ್ನು ದೇವರ ಕಣ್ಣಿನ ಮೇಲೆ ಇಡುತ್ತಾನೆ. ಚಪ್ಪಲಿ ಬಿಟ್ಟು ಗುಡಿಗೆ ಹೋಗುವ ನಮ್ಮಂಥವರು ಬೆಚ್ಚುವುದು ಅಲ್ಲಿ. ಬಾಣದ ಮೊನೆಗಿಂತ ಆ ಪಾದ ಹರಿತ. ಇದನ್ನು ತೋರಿಸಲು ಒಂದು ತೊಟ್ಟು ರಕ್ತವೂ ಬೇಡ. ಎಷ್ಟು ರಕ್ತ ಚೆಲ್ಲಿದರೂ ಇದಕ್ಕೆ ಸಮನಾಗದು. ನಮ್ಮ ಹಳೆಯ ಮೀಮಾಂಸಕರು ಔಚಿತ್ಯವೆಂದದ್ದು ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಮೆಲ್ ಗಿಬ್ಸನ್ 2004ರಲ್ಲಿ ತೆಗೆದ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ನಲ್ಲಿ ಯೇಸುವಿಗೆ ಚಾವಟಿಯೇಟು ಬೀಳುವ ಭಾಗ ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ದೀರ್ಘ. ಅತ್ತು ಪ್ರಾರ್ಥಿಸಿದವರೂ ಇದ್ದರು, ಹೇಸಿ ಎದ್ದುಹೋದವರೂ ಇದ್ದರು. ಮರುವರ್ಷ ಅವರೇ ಕೆಲವು ನಿಮಿಷಗಳ ಕ್ರೌರ್ಯವನ್ನು ಕತ್ತರಿಸಿ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದರು. ಏಟುಗಳನ್ನು ಎಣಿಸುತ್ತ ಕುಳಿತ ನನಗೆ, ಏಟು ತಿನ್ನುವವನು ಹೇಳಿದ್ದೇನೆಂಬುದು ಮಸುಕಾಯಿತು. ಕತ್ತರಿ ಹಾಕುವುದರಿಂದ ಇದು ಸರಿಹೋಗುವಂಥದಲ್ಲ.

ಹುಡುಗಿಯ ಪ್ರಶ್ನೆ ಉಳಿದಿದೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದವರು ರಾಜಕುಮಾರರು, ಪ್ರಹ್ಲಾದ ಅವರ ಸ್ವಂತ ಮಗ, ಮುಂದೆ ಪುನೀತನಾದ ಬಾಲಕ ಲೋಹಿತ. ಅಲ್ಲಿ ಸಾಯುವವನು ತಂದೆಯೆಂಬುದನ್ನು ಯಾರೂ ಜ್ಞಾಪಿಸಬೇಕಾಗಿರಲಿಲ್ಲ. ಭಾಗವತವೂ ಅದನ್ನು ಮರೆತಿಲ್ಲ. ವಧೆಯಾದ ಮೇಲೆ ನರಸಿಂಹನ ಹತ್ತಿರ ಹೋಗಲು ದೇವತೆಗಳಿಗೆ ಧೈರ್ಯವಾಗುವುದಿಲ್ಲ. ಲಕ್ಷ್ಮಿಯೇ ಹೆದರಿ ಹಿಂದೆಗೆಯುತ್ತಾಳೆ. ಕಡೆಗೆ ಬ್ರಹ್ಮ ಹುಡುಗನನ್ನು ಕಳಿಸುತ್ತಾನೆ. ಪ್ರಹ್ಲಾದ ಹೋಗಿ ಅಡ್ಡಬೀಳುತ್ತಾನೆ. ನರಸಿಂಹ ಅವನನ್ನು ಎತ್ತಿ, ತಲೆಯ ಮೇಲೆ ಕೈಯಿಡುತ್ತಾನೆ.

ಬಸ್ ನಿಲ್ದಾಣದ ವರೆಗೆ ನಡೆಯುತ್ತ ಹುಡುಗಿಗೆ ಇಷ್ಟನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಬಂದಳು. ಆಮೇಲೆ, “ಕೈ ತೊಳ್ಕೊಂಡಿದ್ನಾ?” ಎಂದಳು.