ಗೊತ್ತಿದ್ದ ದುಃಖಕ್ಕೆ ಅಳುವವರು: ಗದುಗಿನ ಸೀಮೆಯ ಕರುಣರಸ ಪರಂಪರೆ

ಶೋಕಪ್ರಧಾನವಾದ ಕಾವ್ಯವನ್ನು ಕೇಳಿ, ನಾಟಕ ಚಲನಚಿತ್ರಗಳನ್ನು ನೋಡಿ ಅಳುವ ಪ್ರೇಕ್ಷಕನನ್ನು ಕನ್ನಡ ವಿಮರ್ಶೆಯು, ಅದರಲ್ಲೂ ನವ್ಯದ ಕಾಲದಿಂದ ಈಚೆಗೆ, ತುಸು ಅನುಮಾನದಿಂದಲೇ ನೋಡುತ್ತ ಬಂದಿದೆ. ಕಣ್ಣೀರು ಬಂತೆಂದರೆ ಕೃತಿ ಭಾವಾತಿರೇಕದ್ದು, ಅತ್ತವನು ಅಭಿರುಚಿಯಲ್ಲಿ ಹಿಂದುಳಿದವನು ಎಂಬ ತೀರ್ಪು ಬಹುಮಟ್ಟಿಗೆ ಪರೀಕ್ಷೆಯಿಲ್ಲದೆ ಚಲಾವಣೆಯಲ್ಲಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಒಳಗೊಂಡ ಸೀಮೆಯ ಕಲಾಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ತೀರ್ಪು ನಿಲ್ಲುವುದು ಕಷ್ಟ. ಏಕೆಂದರೆ ಕಾವ್ಯವಾಚನ, ಮೊಹರಂ ಪದ, ವೃತ್ತಿರಂಗಭೂಮಿ ಇವು ಒಂದರ ಮೇಲೊಂದು ಪದರಗಟ್ಟಿ ಬೆಳೆಸಿದ ಇಲ್ಲಿಯ ಪ್ರೇಕ್ಷಕ ಸಮುದಾಯಕ್ಕೆ ಅಳುವುದು ಮೈಮರೆವಲ್ಲ, ಕಲಿತು ಬಂದ ಒಂದು ವಿದ್ಯೆ. ಆ ವಿದ್ಯೆಯ ತಿರುಳೆಂದರೆ ಮುಂಚೆಯೇ ಗೊತ್ತಿದ್ದ ದುಃಖಕ್ಕೆ ಅಳುವುದು, ಮತ್ತು ಈ ಪರಂಪರೆಯ ಶಕ್ತಿಯೂ ಮಿತಿಯೂ ಹುಟ್ಟುವುದು ಅಲ್ಲಿಂದಲೇ.

ಶೋಕವೆಂಬ ಸ್ಥಾಯಿಭಾವ, ಅಂದರೆ ಮನಸ್ಸಿನಲ್ಲಿ ನೆಲೆಗೊಂಡ ಭಾವ, ಕಲೆಯ ಮೂಲಕ ಆಸ್ವಾದಕ್ಕೆ ಬಂದಾಗ ಕರುಣರಸವಾಗುತ್ತದೆ ಎನ್ನುತ್ತದೆ ಭಾರತೀಯ ಕಾವ್ಯಮೀಮಾಂಸೆ. ದುಃಖ ಕೊಡುವುದನ್ನು ಜನ ಹಣ ಕೊಟ್ಟು ಏಕೆ ನೋಡುತ್ತಾರೆ ಎಂಬ ಪ್ರಶ್ನೆಗೆ 14ನೆಯ ಶತಮಾನದ ‘ಸಾಹಿತ್ಯದರ್ಪಣ’ಕಾರ ವಿಶ್ವನಾಥ ಕೊಟ್ಟ ಉತ್ತರ ಪ್ರಸಿದ್ಧವಾದುದು: ಕರುಣವು ದುಃಖವೇ ಆಗಿದ್ದರೆ ಅದರತ್ತ ಯಾರೂ ಸುಳಿಯುತ್ತಿರಲಿಲ್ಲ, ಕಣ್ಣೀರು ಬರುವುದು ಚಿತ್ತ ಕರಗುವುದರಿಂದ. ಅವನಿಗಿಂತ ಹಿಂದೆಯೇ ‘ನಾಟ್ಯದರ್ಪಣ’ದ ರಾಮಚಂದ್ರ-ಗುಣಚಂದ್ರರು ರಸಗಳೆಲ್ಲ ಸುಖವಲ್ಲ, ಕರುಣದಲ್ಲಿ ನೋವೂ ಉಂಟು ಎಂದು ಭಿನ್ನ ದಾರಿ ಹಿಡಿದಿದ್ದರು. ಈ ವಾದ ಸೂಕ್ಷ್ಮವಾದುದೇ. ಆದರೆ ಎರಡೂ ಪಕ್ಷದವರ ಕಣ್ಣಮುಂದೆ ಇರುವವನು ಒಬ್ಬನೇ ಸಹೃದಯ, ಸಂಸ್ಕಾರ ಪಡೆದ ರಸಿಕ. ಜಾತ್ರೆಯ ಬಯಲಲ್ಲಿ ಮೈಗೆ ಮೈ ಹತ್ತಿ ಕುಳಿತು, ಪಕ್ಕದವರ ಬಿಕ್ಕು ಕೇಳಿ ತಾನೂ ಬಿಕ್ಕುವ ಜನಸ್ತೋಮ ಶಾಸ್ತ್ರದೊಳಗೆ ಬರಲೇ ಇಲ್ಲ.

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ತನ್ನ ಭಾರತವನ್ನು ರಚಿಸಿದನೆಂಬುದು ಪರಂಪರೆಯ ನಂಬಿಕೆ. ಭಾಮಿನಿ ಷಟ್ಪದಿಯ ಈ ಕಾವ್ಯ ಶತಮಾನಗಳ ಕಾಲ ಜನರನ್ನು ತಲುಪಿದ್ದು ಗಮಕದ ಮೂಲಕ, ಅಂದರೆ ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವ ಕ್ರಮದ ಮೂಲಕ. ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳುವವರಲ್ಲಿ ಕರ್ಣ ಸಾಯುತ್ತಾನೆಂಬುದು ತಿಳಿಯದವರು ಯಾರೂ ಇರುವುದಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕೃಷ್ಣನು ಜನ್ಮರಹಸ್ಯವನ್ನು ಹೇಳಿದ ಗಳಿಗೆಯಿಂದ ಕರ್ಣನೂ ಕೇಳುಗರ ಸಾಲಿಗೇ ಸೇರಿಬಿಡುತ್ತಾನೆ. ತಮ್ಮಂದಿರು ಯಾರು, ತಾನು ಯಾರು, ಮುಂದೆ ಏನಾಗುತ್ತದೆ ಎಂಬುದು ಈಗ ಅವನಿಗೂ ಗೊತ್ತು, ಗೊತ್ತಿದ್ದೂ ಅವನು ಕೌರವನ ಪಕ್ಷದಲ್ಲೇ ಉಳಿಯುತ್ತಾನೆ. ಪಾತ್ರದ ಅರಿವು ಕೇಳುಗನ ಅರಿವಿನ ಮಟ್ಟಕ್ಕೆ ಬಂದು ನಿಲ್ಲುವ ಈ ಸ್ಥಳದಲ್ಲಿ ಕುತೂಹಲಕ್ಕೆ ಕೆಲಸವೇ ಇಲ್ಲ, ಉಳಿಯುವುದು ಆ ಅರಿವನ್ನು ಹೊತ್ತ ದನಿ ಹೇಗಿದೆ ಎಂಬ ಒಂದೇ ಪ್ರಶ್ನೆ. ಕಥೆ ಗೊತ್ತಿರುವುದರಿಂದಲೇ ಕಿವಿ ತೀಕ್ಷ್ಣವಾಗುತ್ತದೆ.

ಆ ಕಿವಿ ಪಳಗಿದ್ದು ಕಾವ್ಯದಿಂದ ಮಾತ್ರವಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾವಿನ ಮನೆಯ ಹೆಂಗಸರು ತೀರಿಕೊಂಡವರ ಗುಣವನ್ನೂ ತಮ್ಮ ಅನಾಥತನವನ್ನೂ ಲಯಬದ್ಧವಾಗಿ ಹೇಳಿಕೊಂಡು ಅಳುತ್ತಾರೆ. ‘ಹಾಡ್ಯಾಡಿ ಅಳೂದು’ ಎಂದು ಇದಕ್ಕೆ ಹೆಸರು. ಇದು ಆಚರಣೆಯೂ ಹೌದು, ಆಶುಕವಿತೆಯೂ ಹೌದು, ನೆರೆದವರು ಅದನ್ನು ಎರಡೂ ಆಗಿ ಕೇಳುತ್ತಾರೆ. ಇದರ ಪಕ್ಕದಲ್ಲೇ ಇಡಬೇಕಾದದ್ದು ಮೊಹರಂನ ರಿವಾಯತ್ ಪದ. ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರೂ ಅವರ ಬಳಗವೂ ನೀರಿಲ್ಲದೆ ಹೋರಾಡಿ ಮಡಿದ ವೃತ್ತಾಂತವನ್ನು ಕನ್ನಡದಲ್ಲಿ ಹೇಳುವ ಈ ಹಾಡುಗಳನ್ನು ಮೇಳಗಟ್ಟಿ, ಅಲಾಯಿ ಕುಣಿಯ, ಅಂದರೆ ಬೆಂಕಿಯ ಗುಂಡಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವುದುಂಟು. ಹಾಡುವವರಲ್ಲಿ ಮುಸ್ಲಿಮರಷ್ಟೇ ಸಹಜವಾಗಿ ಇತರ ಜಾತಿ ಮತಗಳವರೂ ಇರುತ್ತಾರೆ. ಲಕ್ಷ್ಮೇಶ್ವರಕ್ಕೆ ದೂರವಲ್ಲದ ಶಿಶುನಾಳದ ಷರೀಫರು (1819-1889) ರಿವಾಯತ್ ಪದಗಳನ್ನು ಕಟ್ಟಿದವರು. ಪ್ರತಿವರ್ಷ ಅದೇ ಸಾವು, ಅದೇ ಬಾಯಾರಿಕೆ, ಆದರೂ ಪ್ರತಿವರ್ಷ ಅಳು. ರಸಚರ್ಚೆಯ ಪಂಡಿತರು ರಿವಾಯತ್ತಿನತ್ತ ತಿರುಗಿ ನೋಡದೆ ಇದ್ದದ್ದು ಪಾಂಡಿತ್ಯಕ್ಕೇ ಆದ ನಷ್ಟ.

ವೃತ್ತಿರಂಗಭೂಮಿ ಈ ಸೀಮೆಯಲ್ಲಿ ಬೇರೂರಿದಾಗ ಇಂಥ ಪಳಗಿದ ಪ್ರೇಕ್ಷಕ ಅದಕ್ಕೆ ಸಿದ್ಧವಾಗಿಯೇ ಸಿಕ್ಕಿದ. ಮರಾಠಿ ನಾಟಕಗಳ ಅಬ್ಬರಕ್ಕೆ ಎದುರಾಗಿ 1870ರ ದಶಕದಲ್ಲಿ ಶಾಂತಕವಿ, ಎಂದರೆ ಸಕ್ಕರಿ ಬಾಳಾಚಾರ್ಯರು, ಗದಗಿನಲ್ಲಿ ಕಟ್ಟಿದ ಕೃತಪುರ ನಾಟಕ ಮಂಡಳಿ, ಆಮೇಲಿನ ಶಿರಹಟ್ಟಿಯ ವೆಂಕೋಬರಾಯರ ಕಂಪನಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಅಂಧ ಶಿಷ್ಯರ ಜೀವನಕ್ಕೆ ಆಧಾರವಾಗಲೆಂದು ಪಂಚಾಕ್ಷರಿ ಗವಾಯಿಗಳು ನಡೆಸಿದ ಕಂಪನಿ ಇವೆಲ್ಲ ಪುರಾಣ, ಚರಿತ್ರೆಗಳ ಪರಿಚಿತ ಕಥೆಗಳನ್ನೇ ಆಯ್ದುಕೊಂಡವು. ಗರುಡರ ಹೆಸರಿನೊಂದಿಗೆ ಬೆರೆತುಹೋದ ‘ಎಚ್ಚಮನಾಯಕ’ದಲ್ಲಿ ವಿಜಯನಗರದ ರಾಜಪರಿವಾರದ ಕೊಲೆಯ ಹಿನ್ನೆಲೆಯಿದ್ದರೆ, ‘ಸತ್ಯ ಹರಿಶ್ಚಂದ್ರ’ದಲ್ಲಿ ರಾಘವಾಂಕನ ಕಾಲದಿಂದ ಕನ್ನಡಿಗರಿಗೆ ಗೊತ್ತಿದ್ದ ಚಂದ್ರಮತಿಯ ಪ್ರಲಾಪವಿತ್ತು.

ವಿದ್ಯಾವಂತ ಪ್ರೇಕ್ಷಕರನ್ನು ಬಹಳ ಇರುಸುಮುರುಸಿಗೆ ಈಡುಮಾಡಿದ ಪದ್ಧತಿ ‘ವನ್ಸ್ ಮೋರ್’. ಮಗನ ಹೆಣದ ಮುಂದೆ ಕುಳಿತ ತಾಯಿಯ ರಂಗಗೀತೆ ಮುಗಿಯುತ್ತಿದ್ದಂತೆ ಅತ್ತ ಕಣ್ಣನ್ನು ಒರೆಸಿಕೊಳ್ಳದೆಯೇ ಜನ ಅದನ್ನು ಮತ್ತೆ ಹಾಡಿಸುವುದು, ನಡುವೆಯೇ ಆಟ ನಿಲ್ಲಿಸಿ ನಟಿಗೆ ಆಯೇರಿ ಮಾಡುವುದು, ಅಂದರೆ ಮೆಚ್ಚುಗೆಯ ಹಣವನ್ನೋ ಸೀರೆಯನ್ನೋ ಕೊಡುವುದು, ರಸಭಂಗವೆಂದು ಹೇಳುವವರ ಮಾತು ಪಾಶ್ಚಾತ್ಯ ವಾಸ್ತವವಾದಿ ರಂಗಭೂಮಿಯ ಅಳತೆಯಲ್ಲಿ ಸರಿ. ಈ ಪ್ರೇಕ್ಷಕರ ಮಟ್ಟಿಗೆ ಅದು ರಸಭಂಗವಲ್ಲ. ಚಂದ್ರಮತಿಯ ಮಗ ಲೋಹಿತಾಶ್ವ ನಿಜವಾಗಿ ಸತ್ತನೆಂದು ನಂಬಿ ಅತ್ತವರು ಹಾಡನ್ನು ಮತ್ತೆ ಕೇಳಲಾರರು. ಆ ಸಾವನ್ನು ಹಾಡಿದ ದನಿ ತಕ್ಕದಾಗಿತ್ತೇ ಇಲ್ಲವೇ ಎಂದು ತೂಗಿ ಅತ್ತವರು ಮಾತ್ರ ಕೇಳಬಲ್ಲರು. ಹಾಡ್ಯಾಡಿ ಅಳುವುದನ್ನು ಕೇಳಿ ಬೆಳೆದವರಿಗೆ ಅಳುವುದೂ ಮೆಚ್ಚುವುದೂ ಬೇರೆ ಬೇರೆ ಕ್ರಿಯೆಗಳಾಗಿ ಕಂಡಿರಲೇ ಇಲ್ಲ.

ಪರಂಪರೆ ಸೊರಗತೊಡಗಿದ್ದು ಸಾಮಾಜಿಕ ನಾಟಕಗಳ ಕಾಲಕ್ಕೆ. ಪಿ. ಬಿ. ಧುತ್ತರಗಿಯವರ ‘ತಾಯಿಕರುಳು’, ‘ಮಲಮಗಳು’ ಮುಂತಾದ ನಾಟಕಗಳು ಹೆಸರಿನಲ್ಲೇ ಕಣ್ಣೀರನ್ನು ಸೂಚಿಸುತ್ತವೆ. ಅವರ ಭಾಷೆಯ ಕಸುವು, ಮನೆಯೊಳಗಿನ ಸಂಸಾರವನ್ನು ರಂಗಕ್ಕೆ ತಂದ ಧೈರ್ಯ ಅಲ್ಲಗಳೆಯುವಂಥದ್ದಲ್ಲ. ಆದರೆ ಆ ಜಾಡಿನಲ್ಲಿ ಬಂದ ಅನೇಕ ಅನುಕರಣೆಗಳಲ್ಲಿ ಕಥೆ ಹೊಸದು, ದುಃಖ ಕಲ್ಪಿತ. ಜನರಿಗೆ ಗೊತ್ತಿಲ್ಲದ ದುಃಖವನ್ನು ನಂಬಿಸಬೇಕಾದರೆ ಕಷ್ಟದ ಮೇಲೆ ಕಷ್ಟ ಪೇರಿಸಬೇಕಾಗುತ್ತದೆ: ಸೊಸೆಗೆ ಹೊಡೆತ, ಆಮೇಲೆ ಹಸಿವು, ಆಮೇಲೆ ಕಾಯಿಲೆ. ಪ್ರೇಕ್ಷಕ ತೂಗುವುದನ್ನು ಬಿಟ್ಟು ಬರೀ ಒಪ್ಪಿಸಿಕೊಳ್ಳುತ್ತಾನೆ.

ಚಲನಚಿತ್ರದ ವಿಷಯ ಇಷ್ಟು ಸರಳವಲ್ಲ. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಇಂದ್ರಜಿತುವಿನ ಹೆಂಡತಿಯ ಕಥೆ, ಎಂದರೆ ಗೊತ್ತಿದ್ದ ಶೋಕವೇ. 1965ರ ‘ಸತ್ಯ ಹರಿಶ್ಚಂದ್ರ’ವೂ ಹಾಗೆಯೇ. ಹೆಂಗಸರನ್ನು ಗುಂಪುಗುಂಪಾಗಿ ಚಿತ್ರಮಂದಿರಕ್ಕೆ ತಂದ 2002ರ ‘ತವರಿಗೆ ಬಾ ತಂಗಿ’ಯನ್ನು ಸೀರೆಯ ಸೆರಗು ಒದ್ದೆಮಾಡುವ ಸಿನಿಮಾ ಎಂದು ಗೇಲಿ ಮಾಡಿದವರಿಗೆ ಹೊಳೆಯದ ಸಂಗತಿಯೊಂದಿದೆ. ಚಿತ್ರಕಥೆ ಹೊಸದಾದರೂ ಅದರ ದುಃಖ ಹಳೆಯದು. ಅಣ್ಣ, ತವರು, ಬಾಗಿಲಲ್ಲಿ ನಿಂತ ತಂಗಿ ಇವು ಬೀಸುವ ಕಲ್ಲಿನ ತ್ರಿಪದಿಗಳಲ್ಲಿ ತಲೆಮಾರುಗಳಿಂದ ಹಾಡಿಬಂದ ವಸ್ತು. ಸಿನಿಮಾ ಜಾಣತನದಿಂದ ಆ ಹಾಡುಗಳ ಮೇಲೆ ತನ್ನ ಕಟ್ಟಡ ಎಬ್ಬಿಸಿತು. ಆದರೂ ಅದರ ಹಿನ್ನೆಲೆ ಸಂಗೀತ ಎಲ್ಲಿ ಅಳಬೇಕೆಂದು ಪ್ರೇಕ್ಷಕರಿಗೆ ಪದೇ ಪದೇ ಹೇಳಿಕೊಡುತ್ತದೆ. ಗೊತ್ತಿದ್ದವರಿಗೆ ಪಾಠ ಹೇಳುವ ಈ ಅವಸರ ಗಮಕಿಯಲ್ಲಿ ಕಾಣುವುದಿಲ್ಲ.

ಗೊತ್ತಿದ್ದ ದುಃಖದ ರಸಿಕತೆಗೆ ಗಂಭೀರವಾದ ದೋಷವೂ ಇದೆ. ಎಷ್ಟೋ ಸಲ ಕೇಳಿದ ಅಳು ವಿಧಿಯಂತೆ ಕಾಣತೊಡಗುತ್ತದೆ. ಸತ್ಯಕ್ಕಾಗಿ ಹೆಂಡತಿಯನ್ನೇ ಮಾರಿದ ಹರಿಶ್ಚಂದ್ರನ ಹಕ್ಕನ್ನು ಚಂದ್ರಮತಿಗಾಗಿ ಅತ್ತ ಸಭೆ ಪ್ರಶ್ನಿಸಲಿಲ್ಲ. ಉತ್ತರ ಕರ್ನಾಟಕದ ರಂಗದ ಮೇಲೆ ಎಣಿಕೆಯಿಲ್ಲದಷ್ಟು ಬಾರಿ ಆಡಿದ ‘ಹೇಮರಡ್ಡಿ ಮಲ್ಲಮ್ಮ’ದಲ್ಲಿ ಅತ್ತೆಯ ಮನೆಯ ಹಿಂಸೆ ಸೊಸೆಯ ಭಕ್ತಿಯನ್ನು ಬೆಳಗಿಸುವ ಉಪಕರಣವಾಗಿಬಿಡುತ್ತದೆ. ಈ ವಿಷಯದಲ್ಲಿ ರಿವಾಯತ್ ಬೇರೆಯೇ ಜಾತಿಯದು, ಅಲ್ಲಿ ಶೋಕದ ಬೆನ್ನಿಗೇ ಹುಸೇನರ ಸಾವಿಗೆ ಕಾರಣನಾದ ಯಜೀದನ ಮೇಲಿನ ಶಾಪವೂ ಬರುತ್ತದೆ, ಕೊಂದವನ ಹೆಸರು ಹೇಳದೆ ಅಳು ಪೂರ್ತಿಯಾಗುವುದಿಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ ‘ಶರಪಂಜರ’ ಪೌರಾಣಿಕ ನಾಟಕಗಳಿಗಿಂತ ಈ ಬಗೆಗೇ ಹತ್ತಿರವಾದದ್ದು. ಹೆರಿಗೆಯ ನಂತರದ ಚಿತ್ತಭ್ರಮೆಯಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮತ್ತೆ ಹುಚ್ಚಿಗೆ ದೂಡುವುದು ದೈವವೂ ಅಲ್ಲ, ಋಷಿಯ ಶಾಪವೂ ಅಲ್ಲ. ಬೇರೆ ಹೆಣ್ಣಿನ ಕಡೆ ಒಲಿದ ಗಂಡ, ಅವಳ ಪ್ರತಿ ಮಾತಿನಲ್ಲೂ ಹಳೆಯ ಹುಚ್ಚನ್ನು ಹುಡುಕುವ ನೆರೆಹೊರೆಯವರು. ಕರ್ಬಲಾದ ಅಪರಾಧಿ ಶತಮಾನಗಳ ಆಚೆ ಇದ್ದಾನೆ. ಕಾವೇರಿಗಾಗಿ ಅತ್ತವರಿಗೆ ಅಪರಾಧಿ ಅಕ್ಕಪಕ್ಕದ ಕುರ್ಚಿಗಳಲ್ಲಿ, ಕೆಲವೊಮ್ಮೆ ತಮ್ಮದೇ ಕುರ್ಚಿಯಲ್ಲಿ, ಕುಳಿತಿದ್ದ.